ಮಳೆಗಾಲ ಬರುವ ಮೊದಲು ಆಂಟೆನಾ ಕೇಬಲ್ ನೋಡಿಕೊಳ್ಳಿ: ಹ್ಯಾಮ್‌ಗಳಿಗೊಂದು ಮಾರ್ಗದರ್ಶಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಆದರೆ ಆಂಟೆನಾದಿಂದ ರೇಡಿಯೊಗೆ ಇಳಿದು ಬರುವ ಕೇಬಲ್ ಹಾಳಾಗಲು ಅಷ್ಟೆಲ್ಲ ಮಳೆ ಬೇಕಾಗಿಲ್ಲ. ಮೇಲ್ತುದಿಯ ಕನೆಕ್ಟರ್ ಸಡಿಲವಿದ್ದು, ಅದರೊಳಗೆ ಒಂದೆರಡು ಚಮಚ ನೀರು ಇಳಿದರೆ ಸಾಕು. ಹೊಸ ರೇಡಿಯೊಗೆ ಸಾವಿರಾರು ರೂಪಾಯಿ ಸುರಿಯುವ ನಾವು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಈ ಕೇಬಲ್ಲನ್ನು ಮಾತ್ರ ಒಮ್ಮೆ ಎಳೆದು ಮರೆತುಬಿಡುತ್ತೇವೆ. ನಮ್ಮ ಸಿಗ್ನಲ್ ಪೂರ್ತಿ ಅದರ ಮೂಲಕವೇ ಹೋಗಬೇಕು, ಬರಬೇಕು ಅಲ್ವಾ?

ಮಲೆನಾಡು, ಕರಾವಳಿಯವರಾದರೆ ಈ ಕೆಲಸವನ್ನು ರೋಹಿಣಿ ಮಳೆಗೆ ಮೊದಲೇ, ಅಂದರೆ ಮೇ ಮೂರನೇ ವಾರದೊಳಗೆ ಮುಗಿಸಿಕೊಳ್ಳಿ. ಬಯಲುಸೀಮೆಯವರಿಗೆ ಸ್ವಲ್ಪ ಬಿಡುವಿದೆ. ಆದರೂ ಅಕ್ಟೋಬರಿನ ಹಿಂಗಾರನ್ನು ಮರೆಯಬೇಡಿ.

ನೀರು ಮಾಡುವ ಕೆಲಸ ಎರಡು ಬಗೆ

ಒಂದು, ಹೊರಗಿನ ಒದ್ದೆ. ಕೇಬಲ್ಲಿನ ಮೇಲೆ, ಆಂಟೆನಾ ತಂತಿಯ ಮೇಲೆ, ಪಕ್ಕದ ಮರದ ಎಲೆಗಳ ಮೇಲೆ ನೀರು ನಿಲ್ಲುತ್ತದೆ. ಇದರಿಂದ ಆಂಟೆನಾದ ರೆಸೊನೆನ್ಸ್ (ಅದು ಚೆನ್ನಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿ) ಸ್ವಲ್ಪ ಕೆಳಕ್ಕೆ ಜರುಗುತ್ತದೆ. ಮಳೆ ನಿಂತು, ಗಾಳಿಯಾಡಿ ಒಣಗಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನೊಂದು, ಒಳಗಿನ ಒದ್ದೆ. ಅಪಾಯ ಇರುವುದು ಇಲ್ಲಿ. ಕೋಆಕ್ಸಿಯಲ್ ಕೇಬಲ್ಲಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪಾಲಿಎಥಿಲೀನ್, ಅದರ ಮೇಲೆ ತಾಮ್ರದ ಹೆಣಿಗೆ, ಕೊನೆಗೆ ಕಪ್ಪು ಹೊದಿಕೆ. ಈ ಹೆಣಿಗೆಯ ಸಣ್ಣ ಸಣ್ಣ ಸಂದುಗಳು ನೀರನ್ನು ತಾವೇ ಎಳೆದುಕೊಳ್ಳುತ್ತವೆ. ಮೇಲ್ತುದಿಯಲ್ಲಿ ನುಗ್ಗಿದ ನೀರು ಹೊದಿಕೆಯ ಒಳಗೆ ಮೀಟರುಗಟ್ಟಲೆ ಇಳಿಯುತ್ತದೆ. ಕೆಲವೊಮ್ಮೆ ರೇಡಿಯೊ ಹಿಂದಿನ ಕನೆಕ್ಟರಿನವರೆಗೂ ಬರುತ್ತದೆ. ತಾಮ್ರಕ್ಕೆ ಮೊದಲು ಕಪ್ಪು ಹಿಡಿಯುತ್ತದೆ, ಆಮೇಲೆ ಹಸಿರು ಕಿಲುಬು ಏರುತ್ತದೆ. ಹೆಣಿಗೆಯ ಎಳೆಗಳು ಒಂದಕ್ಕೊಂದು ಸರಿಯಾಗಿ ತಾಗುವುದು ನಿಂತುಹೋಗುತ್ತದೆ. ನೀವು ಕಳಿಸುವ ಪವರ್ ಆಂಟೆನಾ ತಲುಪುವ ಬದಲು ಕೇಬಲ್ಲಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ.

ನೀರಿಗೆ ಇಷ್ಟು ಪ್ರಭಾವ ಯಾಕೆ ಅಂದರೆ, ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರದ ಮೇಲೆ ಒಂದು ವಸ್ತುವಿನ ಪ್ರಭಾವದ ಅಳತೆ) ಸುಮಾರು 80. ಪಾಲಿಎಥಿಲೀನಿನದು 2.25ರಷ್ಟು, ಗಾಳಿಯದು 1. ಹಾಗಾಗಿ ತಂತಿಗಳ ನಡುವೆ ಒಂದಿಷ್ಟು ನೀರು ಸೇರಿದರೂ ಕೇಬಲ್ಲಿನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಅದು ತೋರುವ, ಓಮ್ ಲೆಕ್ಕದ ತಡೆ) ಮತ್ತು ಸಿಗ್ನಲ್ಲಿನ ವೇಗ ಎರಡೂ ಬದಲಾಗುತ್ತವೆ. ನಡುವೆ ಗಾಳಿ ಜಾಗ ಬಿಟ್ಟು ಮಾಡಿದ ಕೇಬಲ್ ಆದರೆ ನೀರು ಅದರೊಳಗೆ ಕೊಳವೆಯಲ್ಲಿ ಹರಿದಂತೆ ಸೀದಾ ಇಳಿದುಬಿಡುತ್ತದೆ.

ಎಸ್‌ಡಬ್ಲ್ಯುಆರ್ ಚೆನ್ನಾಗಿದೆ ಅಂತ ನಂಬಿ ಕೂರಬೇಡಿ

ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಪವರಿನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅನ್ನುವುದರ ಅಳತೆ. 1 ಇದ್ದರೆ ಏನೂ ವಾಪಸ್ ಬರುತ್ತಿಲ್ಲ, ಅಂಕಿ ಏರಿದಷ್ಟೂ ಕೆಟ್ಟದು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಳೆಗಾಲದ ನಡುವೆ ನಿಮ್ಮ ಎಸ್‌ಡಬ್ಲ್ಯುಆರ್ ತಾನಾಗಿ ಸುಧಾರಿಸಿದರೆ ಖುಷಿಪಡಬೇಡಿ. ಕೇಬಲ್ ಬಿಚ್ಚಿ ನೋಡಿ.

ಯಾಕೆ ಅಂದರೆ, ರೇಡಿಯೊ ಪಕ್ಕದಲ್ಲಿರುವ ಮೀಟರ್ ಅಳೆಯುವುದು ಆಂಟೆನಾದಿಂದ ವಾಪಸ್ ಬಂದ ಪವರನ್ನು. ಕೇಬಲ್ ಹಾಳಾಗಿದ್ದರೆ ಹೋಗುವ ಪವರನ್ನೂ ಅದು ತಿನ್ನುತ್ತದೆ, ವಾಪಸ್ ಬರುವುದನ್ನೂ ತಿನ್ನುತ್ತದೆ. ಮೀಟರಿಗೆ ಬರುವುದು ಉಳಿದ ಚೂರು ಮಾತ್ರ. ಹಾಗಾಗಿ ಮುಳ್ಳು ಕೆಳಗೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. 30 ಮೀಟರ್ ಆರ್‌ಜಿ-58 ಕೇಬಲ್, ಹೊಚ್ಚ ಹೊಸದೇ ಇರಲಿ, 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬಲ್ ಕಳೆಯುತ್ತದೆ. ಅಂದರೆ 10 ವ್ಯಾಟ್ ಕಳಿಸಿದರೆ ಮೇಲೆ ತಲುಪುವುದು ಎರಡೂವರೆ ವ್ಯಾಟ್. ಈಗ ಆಂಟೆನಾ ಗಾಳಿಗೆ ಕಿತ್ತು ಬಿದ್ದೇ ಹೋಯಿತು ಅಂದುಕೊಳ್ಳಿ. ಮೇಲ್ತುದಿಯಿಂದ ಅಷ್ಟೂ ಪವರ್ ತಿರುಗಿ ಬರುತ್ತದೆ, ದಾರಿಯಲ್ಲಿ ಇನ್ನೊಂದು 6 ಡೆಸಿಬಲ್ ಕಳೆದುಕೊಳ್ಳುತ್ತದೆ. ನಿಮ್ಮ ಮೀಟರ್ ತೋರಿಸುವುದು ಸುಮಾರು 1.7! ಆಂಟೆನಾನೇ ಇಲ್ಲದೆ 1.7. ಕೇಬಲ್ಲಿನ ನಷ್ಟ 10 ಡೆಸಿಬಲ್ ಆದರೆ ಬರೀ 1.2 ತೋರಿಸುತ್ತದೆ. ‘ಎಸ್‌ಡಬ್ಲ್ಯುಆರ್ ಸೂಪರ್ ಇದೆ, ಆದರೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ಕೇಂದ್ರ) ತಾಗುತ್ತಿಲ್ಲ’ ಅನ್ನುವ ದೂರು ಜುಲೈ ತಿಂಗಳಲ್ಲಿ ಬಂದರೆ ನಾನು ಮೊದಲು ಸಂಶಯಪಡುವುದು ಕೇಬಲ್ಲನ್ನೇ.

ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡುಗಳಲ್ಲಿ ಪರಿಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಒಂದು ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿ ಕಳೆಯುತ್ತದೆ, ಅಷ್ಟೆ. ಅದಕ್ಕೇ ಒದ್ದೆ ಕೇಬಲ್ಲಿನ ತೊಂದರೆ ಮೊದಲು ಗೊತ್ತಾಗುವುದು 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಸುತ್ತಮುತ್ತ). 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಅದು ತುಂಬ ದಿನ ಅಡಗಿಕೊಂಡಿರುತ್ತದೆ.

ಮೊದಲ ಹೆಜ್ಜೆ: ಒಣ ದಿನದ ಲೆಕ್ಕ ಬರೆದಿಡಿ

ಮೇ ತಿಂಗಳ ಒಂದು ಒಳ್ಳೆ ಬಿಸಿಲಿನ ಮಧ್ಯಾಹ್ನ, ಗುಡುಗು ಎಲ್ಲೂ ಇಲ್ಲದಾಗ, ಈ ಕೆಲಸ ಮಾಡಿ. ನೀವು ಬಳಸುವ ಪ್ರತಿ ಬ್ಯಾಂಡಿನ ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಕಡೆ ಎಸ್‌ಡಬ್ಲ್ಯುಆರ್ ಅಳೆದು ಲಾಗ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿರಿ. ನೆನಪಿನಲ್ಲಿ ಇರುತ್ತದೆ ಅಂದುಕೊಂಡರೆ ಆಗಸ್ಟ್ ಹೊತ್ತಿಗೆ ಯಾವುದೂ ಇರುವುದಿಲ್ಲ.

ಆಮೇಲೆ ಕೇಬಲ್ಲಿನ ನಷ್ಟ ಅಳೆಯಿರಿ. ಇದಕ್ಕೆ ಎರಡು ದಾರಿ ಇವೆ.

ನ್ಯಾನೊವಿಎನ್‌ಎ (ಕೇಬಲ್, ಆಂಟೆನಾ ಪರೀಕ್ಷಿಸುವ ಪುಟ್ಟ ಉಪಕರಣ) ಇದ್ದರೆ ಸುಲಭ. ಅದನ್ನು ಕ್ಯಾಲಿಬ್ರೇಟ್ ಮಾಡಿ ಕೇಬಲ್ಲಿನ ಕೆಳತುದಿಗೆ ಹಾಕಿ. ಮೇಲ್ತುದಿಯನ್ನು ಆಂಟೆನಾದಿಂದ ಬಿಚ್ಚಿ ಹಾಗೇ ಬಿಡಿ. ರಿಟರ್ನ್ ಲಾಸ್ (ಮೇಲೆ ಹೋಗಿ ವಾಪಸ್ ಬರುವಷ್ಟರಲ್ಲಿ ಆದ ನಷ್ಟ) ಎಷ್ಟು ಬರುತ್ತದೋ ಅದರ ಅರ್ಧ ನಿಮ್ಮ ಕೇಬಲ್ಲಿನ ನಷ್ಟ. 5 ಡೆಸಿಬಲ್ ತೋರಿಸಿದರೆ ನಷ್ಟ ಎರಡೂವರೆ. ಇನ್ನೂ ನಿಖರ ಬೇಕಾದರೆ ಮೇಲ್ತುದಿಯನ್ನು ಒಮ್ಮೆ ಶಾರ್ಟ್ ಮಾಡಿಯೂ ಅಳೆದು, ಎರಡರ ಸರಾಸರಿ ಹಿಡಿಯಿರಿ.

ಅದಿಲ್ಲದಿದ್ದರೆ ಪವರ್ ಮೀಟರ್ ಮತ್ತು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಸಾಕು. ಮೊದಲು ರೇಡಿಯೊದ ಹತ್ತಿರ ಪವರ್ ನೋಡಿ. ಆಮೇಲೆ ಮೀಟರನ್ನೂ ಡಮ್ಮಿ ಲೋಡನ್ನೂ ಮೇಲ್ತುದಿಗೆ ಹಾಕಿ ಮತ್ತೆ ನೋಡಿ. 10 ವ್ಯಾಟಿಗೆ 8 ಸಿಕ್ಕರೆ ನಷ್ಟ ಸುಮಾರು 1 ಡೆಸಿಬಲ್. 5 ಸಿಕ್ಕರೆ 3 ಡೆಸಿಬಲ್. ಎರಡೂ ಸಲ ಒಂದೇ ಮೀಟರ್ ಇರಲಿ.

ಮಲ್ಟಿಮೀಟರಿನಿಂದಲೂ ಒಂದು ಪರೀಕ್ಷೆ ಮಾಡಬಹುದು. ಎರಡೂ ತುದಿ ಬಿಚ್ಚಿ, ನಡುತಂತಿಗೂ ಹೆಣಿಗೆಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಮೀಟರಿನ ದೊಡ್ಡ ರೇಂಜಿನಲ್ಲೂ ಏನೂ ತೋರಿಸಬಾರದು. ಕಿಲೋಓಮ್ ಲೆಕ್ಕದಲ್ಲಿ ಏನಾದರೂ ಕಂಡರೆ ಒಳಗೆ ತೇವ ಇದೆ. ಆಂಟೆನಾ ಜೋಡಿಸಿಕೊಂಡೇ ಅಳೆಯಬೇಡಿ. ಕೆಲವು ಬಾಲನ್‌ಗಳು (ಕೇಬಲ್ಲನ್ನೂ ಆಂಟೆನಾವನ್ನೂ ಹೊಂದಿಸುವ ಬಿಡಿಭಾಗ), ಲೂಪ್ ಆಂಟೆನಾಗಳು ಡಿಸಿಗೆ ಶಾರ್ಟ್ ಆಗಿಯೇ ಇರುತ್ತವೆ, ಸುಮ್ನೆ ಗಾಬರಿಯಾಗುತ್ತದೆ. ಇನ್ನೊಂದು ಮಾತು, ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಕೇಬಲ್ ಸರಿಯಿದೆ ಅಂತಲ್ಲ. ಕಿಲುಬು ಹಿಡಿದ ಹೆಣಿಗೆ ಡಿಸಿಗೆ ಏನೂ ಆಗದಂತೆ ನಟಿಸುತ್ತದೆ.

ಎರಡನೇ ಹೆಜ್ಜೆ: ನೀರು ನುಗ್ಗುವ ಜಾಗ ಹುಡುಕಿ

ಮೇಲ್ತುದಿಯ ಕನೆಕ್ಟರ್ ಮೊದಲ ಅನುಮಾನ. ನಾವೆಲ್ಲ ಬಳಸುವ ಪಿಎಲ್-259 ನೀರು ತಡೆಯುವುದಕ್ಕೆಂದು ಮಾಡಿದ್ದೇ ಅಲ್ಲ. ಅದರಲ್ಲಿ ರಬ್ಬರ್ ವಾಷರ್ ಇರುವುದಿಲ್ಲ. ಎನ್-ಟೈಪ್ ಕನೆಕ್ಟರಿನಲ್ಲಿ ಇರುತ್ತದೆ. ಹೊರಗಿನ ಜೋಡಣೆಗೆ, ಅದರಲ್ಲೂ 2 ಮೀಟರ್ ಬ್ಯಾಂಡಿಗೆ, ಸ್ವಲ್ಪ ದುಡ್ಡು ಹೆಚ್ಚಾದರೂ ಎನ್-ಟೈಪ್ ಹಾಕಿ ಅಂತಲೇ ನಾನು ಹೇಳುವುದು. ಆದರೂ ಅದರ ಮೇಲೆ ಟೇಪ್ ಸುತ್ತುವುದು ತಪ್ಪುವುದಿಲ್ಲ.

ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ಕಡೆ ತಂತಿ ಚಾಚಿದ ಆಂಟೆನಾ) ಕಟ್ಟಿದವರು ನಡುವಿನ ಜಾಗ ನೋಡಿ. ಕೋಆಕ್ಸ್ ಸೀಳಿ ನಡುತಂತಿಯನ್ನು ಒಂದು ಕಡೆಗೆ, ಹೆಣಿಗೆಯನ್ನು ಇನ್ನೊಂದು ಕಡೆಗೆ ಬೆಸೆದು ಹಾಗೇ ಬಿಟ್ಟಿದ್ದರೆ, ಆ ಬಾಯಿ ಆಕಾಶಕ್ಕೆ ತೆರೆದ ಹಾಗೇ ಇರುತ್ತದೆ. ಒಂದೇ ಮಳೆಗಾಲದಲ್ಲಿ ಕೇಬಲ್ ಕಥೆ ಮುಗಿಯುತ್ತದೆ.

ಕೇಬಲ್ ಹೆಂಚಿನ ಅಂಚಿಗೆ, ಪ್ಯಾರಾಪೆಟ್ ಗೋಡೆಯ ಮೂಲೆಗೆ ಉಜ್ಜುವ ಜಾಗ, ಕೊಂಬೆಗೆ ತಾಗುವ ಜಾಗ, ಟೈ ಬಿಗಿದು ಹೊದಿಕೆ ಕಚ್ಚಿದ ಜಾಗ, ಇಲಿ ಅಥವಾ ಅಳಿಲು ಹಲ್ಲು ಹಾಕಿದ ಜಾಗ, ಇವನ್ನೆಲ್ಲ ಕೈಯಲ್ಲಿ ಸವರಿಕೊಂಡು ಬನ್ನಿ. ಕಣ್ಣಿಗೆ ಕಾಣದ ಬಿರುಕು ಬೆರಳಿಗೆ ಸಿಗುತ್ತದೆ. ಬಿಸಿಲಿಗೆ ಹೊದಿಕೆ ಬೂದಿ ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಸಣ್ಣಗೆ ಸೀಳುತ್ತಿದ್ದರೆ ಅದರ ಆಯಸ್ಸು ಮುಗಿದಿದೆ.

ಸಂಶಯ ಬಂದರೆ ಮೇಲ್ತುದಿಯಿಂದ ಒಂದು ಅಡಿ ಕತ್ತರಿಸಿ, ಹೊದಿಕೆಯನ್ನು ಉದ್ದಕ್ಕೆ ಸೀಳಿ ನೋಡಿ. ಒಳ್ಳೆಯ ಹೆಣಿಗೆ ಹೊಸ ತಾಮ್ರದ ಹಾಗೆ ಹೊಳೆಯುತ್ತದೆ. ಕೆಟ್ಟದ್ದು ಮಂಕಾಗಿ ಕಪ್ಪಗಿರುತ್ತದೆ, ಬೆರಳಿಗೆ ಹಸಿರು ಪುಡಿ ಅಂಟುತ್ತದೆ, ಎಳೆಗಳು ಮುಟ್ಟಿದರೆ ಮುರಿಯುತ್ತವೆ. ಹೊಳಪು ಸಿಗುವ ತನಕ ಅಡಿ ಅಡಿಯಾಗಿ ಕತ್ತರಿಸುತ್ತಾ ಬನ್ನಿ. ಎರಡು ಮೂರು ಮೀಟರಿನಲ್ಲಿ ಸಿಕ್ಕರೆ ಉಳಿದದ್ದನ್ನು ಬಳಸಬಹುದು. ಸಿಗದಿದ್ದರೆ ಪೂರ್ತಿ ಕೇಬಲ್ ತೆಗೆದುಬಿಡಿ. ಬಿಸಿಲಿಗೆ ಹಾಕಿ ಒಣಗಿಸಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು ಆಸೆ. ನೀರು ಆರಬಹುದು, ಕಿಲುಬು ಎಲ್ಲಿಗೂ ಹೋಗುವುದಿಲ್ಲ.

ಮೂರನೇ ಹೆಜ್ಜೆ: ಕನೆಕ್ಟರಿಗೆ ಟೇಪ್ ಸುತ್ತುವುದು

ಇಲ್ಲಿ ಅವಸರ ಬೇಡ. ಮಳೆಗಾಲ ಪೂರ್ತಿ ನಿಮ್ಮನ್ನು ಕಾಪಾಡುವುದು ಈ ಅರ್ಧ ಗಂಟೆಯ ಕೆಲಸವೇ.

ಬೇಕಾದದ್ದು: ಸೆಲ್ಫ್ ಫ್ಯೂಸಿಂಗ್ ರಬ್ಬರ್ ಟೇಪ್, ಒಳ್ಳೆಯ ಕಪ್ಪು ಪಿವಿಸಿ ಇನ್ಸುಲೇಷನ್ ಟೇಪ್, ಸ್ಪಿರಿಟ್, ಬಟ್ಟೆ, ಕತ್ತರಿ, ಕಪ್ಪು ಕೇಬಲ್ ಟೈ. ರಬ್ಬರ್ ಟೇಪಿಗೆ ಅಂಟು ಇರುವುದಿಲ್ಲ. ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಂಡು ಒಂದೇ ಗಟ್ಟಿ ಪದರವಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಕೇಳಿ ನೋಡಿ. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತುವ ರೂಢಿ ಕೆಲವರಿಗಿದೆ. ತುರ್ತಿಗೆ ಪರವಾಗಿಲ್ಲ, ಆದರೆ ಅದರ ಪದರಗಳು ಬೆಸೆದುಕೊಳ್ಳುವುದಿಲ್ಲ, ಬಿಸಿಲಿಗೆ ಬೇಗ ಬಿರಿಯುತ್ತದೆ.

1. ಮಧ್ಯಾಹ್ನದ ಹೊತ್ತು ಮಾಡಿ. ಬೆಳಗಿನ ಇಬ್ಬನಿಯಲ್ಲಿ ಸುತ್ತಿದರೆ ತೇವವನ್ನು ಒಳಗೇ ಇಟ್ಟು ಬೀಗ ಹಾಕಿದಂತೆ. ಕರಾವಳಿಯ ಸೆಕೆಯಲ್ಲಿ ಹೇರ್ ಡ್ರೈಯರಿನಿಂದ ಒಮ್ಮೆ ಬಿಸಿ ಮಾಡಿಕೊಂಡರೆ ಒಳ್ಳೆಯದು.

2. ಕನೆಕ್ಟರನ್ನು ಕೈಯಲ್ಲಿ ಪೂರ್ತಿ ಬಿಗಿ ಮಾಡಿ, ಆಮೇಲೆ ಇಕ್ಕಳದಿಂದ ಸ್ವಲ್ಪವೇ ತಿರುಗಿಸಿ. ಸ್ಪಿರಿಟ್ಟಿನಲ್ಲಿ ಒರೆಸಿ, ಆರಲು ಬಿಡಿ. ಸುತ್ತಿ ಆದ ಮೇಲೆ ಎಸ್‌ಡಬ್ಲ್ಯುಆರ್ ಸರಿಯಿಲ್ಲ ಅಂತ ಬಿಚ್ಚುವುದಕ್ಕಿಂತ, ಈಗಲೇ ಒಮ್ಮೆ ಅಳೆದುಕೊಳ್ಳಿ.

3. ಮೊದಲು ಪಿವಿಸಿ ಟೇಪಿನ ಒಂದು ತೆಳು ಸುತ್ತು. ಮುಂದೆ ಬಿಚ್ಚಬೇಕಾದಾಗ ರಬ್ಬರ್ ಕನೆಕ್ಟರಿಗೆ ಅಂಟಿಕೊಂಡು ಕಾಟ ಕೊಡುವುದಿಲ್ಲ.

4. ರಬ್ಬರ್ ಟೇಪನ್ನು ಹೆಚ್ಚುಕಡಿಮೆ ಎರಡು ಪಟ್ಟು ಉದ್ದಕ್ಕೆ ಎಳೆಯುತ್ತಾ, ಕನೆಕ್ಟರಿಗಿಂತ ನಾಲ್ಕು ಬೆರಳು ಕೆಳಗೆ, ಕೇಬಲ್ ಹೊದಿಕೆಯ ಮೇಲಿನಿಂದ ಶುರು ಮಾಡಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಕನೆಕ್ಟರ್ ದಾಟಿ ಮೇಲೆ ಹೋಗಿ, ಮತ್ತೆ ಕೆಳಗೆ ಬನ್ನಿ.

5. ಅದರ ಮೇಲೆ ಪಿವಿಸಿ ಟೇಪ್. ರಬ್ಬರಿಗೆ ಬಿಸಿಲು ತಾಗದಂತೆ ಇದು ಕಾಯುತ್ತದೆ. ಕೊನೆಯ ಪದರ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರುತ್ತದೆ, ಹೆಂಚು ಹೊದಿಸಿದ ಹಾಗೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯುತ್ತದೆ.

6. ಕೊನೆಯ ಸುತ್ತನ್ನು ಎಳೆಯದೆ ಸಡಿಲವಾಗಿ ಅಂಟಿಸಿ, ಕತ್ತರಿಯಿಂದ ಕತ್ತರಿಸಿ. ಎಳೆದು ಹರಿದರೆ ನಾಲ್ಕು ದಿನದಲ್ಲಿ ತುದಿ ಏಳುತ್ತದೆ. ತುದಿಯ ಮೇಲೊಂದು ಟೈ ಹಾಕಿ.

ಸಿಲಿಕೋನ್ ಬಳಸುವವರು ಒಂದು ವಿಷಯ ಗಮನಿಸಿ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ಕೇಳಿ ತನ್ನಿ.

ಬಾಲನ್ ಡಬ್ಬ ಮತ್ತು ಕೇಬಲ್ ಮನೆಯೊಳಗೆ ಬರುವ ಜಾಗ

ಬಾಲನ್ ಡಬ್ಬವನ್ನು ಪೂರ್ತಿ ಗಾಳಿಯಾಡದಂತೆ ಮುಚ್ಚಿದರೆ ಕ್ಷೇಮ ಅನ್ನಿಸುತ್ತದೆ. ಹಾಗಲ್ಲ. ಬಿಸಿಲಿಗೆ ಡಬ್ಬ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಒಮ್ಮೆಗೇ ಮಳೆ ಬಂದಾಗ ತಣ್ಣಗಾಗಿ ಕುಗ್ಗುತ್ತದೆ, ಸ್ಕ್ರೂ ಸಂದಿಯಿಂದ ಹೊರಗಿನ ನೀರನ್ನೇ ಒಳಗೆ ಹೀರುತ್ತದೆ. ಹಾಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅದಕ್ಕೆ ಡಬ್ಬದ ತಳದಲ್ಲಿ 3 ಮಿಲಿಮೀಟರಿನ ಒಂದು ತೂತು ಮಾಡಿ. ಇರುವೆ ಗೂಡು ಕಟ್ಟದಂತೆ ಒಳಗಿನಿಂದ ಸೊಳ್ಳೆ ಪರದೆಯ ಜಾಲರಿ ಅಂಟಿಸಿ. ಕೇಬಲ್ ಡಬ್ಬದ ತಳದಿಂದಲೇ ಒಳಗೆ ಹೋಗಬೇಕು, ಮೇಲಿನಿಂದ ಅಥವಾ ಪಕ್ಕದಿಂದ ಅಲ್ಲ.

ಕೇಬಲ್ ಮನೆಯೊಳಗೆ ಬರುವ ಮೊದಲು ಕಿಟಕಿಗಿಂತ ಒಂದು ಅಡಿ ಕೆಳಗೆ ಇಳಿದು ಮತ್ತೆ ಮೇಲೇರಿ ಬರಲಿ. ಕೇಬಲ್ ಗುಂಟ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗೋಡೆಯ ತೂತನ್ನು ಹೊರಗಡೆಗೆ ಇಳಿಜಾರಾಗಿ ಕೊರೆಯಿರಿ. ಎರಚಲು ಹೊಡೆಯುವ ಪಡುವಣ ಗೋಡೆಯಾದರೆ ತೂತಿನ ಮೇಲೆ ಒಂದು ಚಿಕ್ಕ ತಗಡಿನ ಮರೆ ಇರಲಿ.

ಲ್ಯಾಡರ್ ಲೈನ್ ಇಟ್ಟವರಿಗೆ

450 ಓಮ್‌ನ ಲ್ಯಾಡರ್ ಲೈನ್ (ಏಣಿಯ ಹಾಗೆ ಎರಡು ತಂತಿ ಅಕ್ಕಪಕ್ಕ ಸಾಗುವ ಕೇಬಲ್) ಒಣಗಿದ್ದಾಗ ಕೋಆಕ್ಸಿಗಿಂತ ಎಷ್ಟೋ ಕಡಿಮೆ ನಷ್ಟದ್ದು. ಆದರೆ ಅದರ ಎರಡು ತಂತಿಗಳ ನಡುವಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನೀರಿನ ಪೊರೆ ಕೂತರೆ ನಷ್ಟ ಹಲವು ಪಟ್ಟಾಗುತ್ತದೆ, ಟ್ಯೂನರ್ (ರೇಡಿಯೊವನ್ನೂ ಲೈನನ್ನೂ ಹೊಂದಿಸುವ ಪೆಟ್ಟಿಗೆ) ಮತ್ತೆ ತಿರುಗಿಸಬೇಕಾಗುತ್ತದೆ. ಹೊಸ ಲೈನಿನ ಮೇಲೆ ನೀರು ಹನಿ ಹನಿಯಾಗಿ ಜಾರಿ ಹೋಗುತ್ತದೆ. ವರ್ಷಗಳ ಬಿಸಿಲು, ಧೂಳು ಕಂಡ ಲೈನ್ ನೀರನ್ನು ಪೊರೆಯಾಗಿ ಹಿಡಿದುಕೊಳ್ಳುತ್ತದೆ. ಸಮುದ್ರದ ಹತ್ತಿರವಿದ್ದರೆ ಉಪ್ಪೂ ಸೇರಿ ಇನ್ನೂ ಕೆಡುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಕಾರಿಗೆ ಹಚ್ಚುವ ಮೇಣ ಸವರಿ. ತಾತ್ಕಾಲಿಕವೇ, ಆದರೆ ಉಪಯೋಗವಿದೆ. ಹಳೆ ಟಿವಿಯ 300 ಓಮ್ ಚಪ್ಪಟೆ ತಂತಿ ಮಳೆಯಲ್ಲಿ ಇದಕ್ಕಿಂತ ಕೆಟ್ಟದು, ಮಲೆನಾಡಿನಲ್ಲಂತೂ ಬೇಡವೇ ಬೇಡ.

ಮಳೆಗೆ ಜಗ್ಗದ ಲೈನ್ ಬೇಕೆಂದರೆ ಅದು 600 ಓಮ್‌ನ ತೆರೆದ ತಂತಿಯದು. ಎರಡು ತಾಮ್ರದ ತಂತಿ, ನಡುವೆ ಅಲ್ಲಲ್ಲಿ ಕಡ್ಡಿಯಂಥ ಸ್ಪೇಸರ್, ಉಳಿದದ್ದೆಲ್ಲ ಗಾಳಿ. ನೀರು ನಿಲ್ಲಲು ಜಾಗವೇ ಇಲ್ಲ. ತೋಟದಲ್ಲಿ ಉದ್ದಕ್ಕೆ ಎಳೆಯುವವರು ಇದನ್ನೇ ಕಟ್ಟಿಕೊಳ್ಳಿ. ಗೋಡೆ, ತಗಡಿನ ಶೀಟು, ಕಬ್ಬಿಣದ ಕಂಬ ಇವುಗಳಿಂದ ದೂರ ಇರಬೇಕು ಅನ್ನುವುದೊಂದೇ ಷರತ್ತು.

ಮಳೆ ಬಂದ ಮೇಲೆ ಏನು ನೋಡಬೇಕು

ಮೊದಲ ಒಳ್ಳೆ ಮಳೆಯಲ್ಲಿ, ಗುಡುಗಿಲ್ಲದಾಗ, ಎಸ್‌ಡಬ್ಲ್ಯುಆರ್ ಅಳೆದು ಮೇ ತಿಂಗಳ ಅಂಕಿಯ ಪಕ್ಕ ಬರೆಯಿರಿ. ಮಳೆ ಬಿಟ್ಟು ಒಂದು ದಿನ ಬಿಸಿಲು ಕಂಡ ಮೇಲೆ ಮತ್ತೆ ಅಳೆಯಿರಿ. ಅಂಕಿ ಮೊದಲಿನ ಜಾಗಕ್ಕೆ ಬಂದರೆ ಅದು ಹೊರಗಿನ ಒದ್ದೆ. ಬರದೆ ಅಲ್ಲೇ ನಿಂತರೆ, ಅಥವಾ ಪ್ರತಿ ವಾರ ಚೂರು ಚೂರು ಜರುಗುತ್ತಾ ಹೋದರೆ, ನೀರು ಒಳಗಿದೆ. ರಿಪೀಟರಿನ ಸಿಗ್ನಲ್ ಒಣ ದಿನ ಎಷ್ಟಿತ್ತು, ಈಗ ಎಷ್ಟಿದೆ ಅಂತ ಎಸ್-ಮೀಟರಿನಲ್ಲಿ (ಬರುವ ಸಿಗ್ನಲ್ಲಿನ ಬಲ ತೋರಿಸುವ ಮೀಟರ್) ನೋಡಿಕೊಳ್ಳುವುದೂ ಒಳ್ಳೆಯ ಪರೀಕ್ಷೆ. ಕೇಬಲ್ ತಿನ್ನುವುದು ಕಳಿಸುವುದನ್ನಷ್ಟೇ ಅಲ್ಲ, ಕೇಳುವುದನ್ನೂ.

ಮಳೆ ಹೊಡೆಯುವಾಗ ಮಾತ್ರ ಜೋರಾಗಿ ಜುಯ್ಯೆನ್ನುವ ಸದ್ದು ಏರಿ, ಮಳೆ ನಿಂತಾಗ ನಿಂತರೆ ಅದು ಕೇಬಲ್ಲಿನ ದೋಷವಲ್ಲ. ವಿದ್ಯುದಂಶ ಹೊತ್ತ ಹನಿಗಳು ತಂತಿಗೆ ತಾಗುವುದರಿಂದ ಬರುವ ರೇನ್ ಸ್ಟ್ಯಾಟಿಕ್. ಆದರೆ ಅದು ಗುಡುಗಿನ ಮೋಡ ಹತ್ತಿರವಿರುವ ಸೂಚನೆಯೂ ಆಗಿರಬಹುದು, ರೇಡಿಯೊ ಬಿಟ್ಟು ಏಳಿ.

ಸಿಡಿಲಿನ ವಿಷಯದಲ್ಲಿ ರಾಜಿ ಬೇಡ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರಿನ ಮಳೆ, ಇವೆರಡರಲ್ಲೂ ಗುಡುಗು ಜಾಸ್ತಿ. ಮೋಡ ಕಟ್ಟುವ ಮೊದಲೇ ಕೇಬಲ್ ಬಿಚ್ಚಿ, ತುದಿಯನ್ನು ಮನೆಯ ಹೊರಗೇ ಅರ್ತ್‌ಗೆ ಸೇರಿಸಿ. ಬಿಚ್ಚಿದ ತುದಿಯನ್ನು ಗಾಜಿನ ಬಾಟಲಿಯೊಳಗೆ ಇಟ್ಟರೆ ಸಾಕು ಅನ್ನುವ ಹಳೆಯ ಮಾತನ್ನು ನಂಬಬೇಡಿ, ಮೈಲಿಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲಿಗೆ ಬಾಟಲಿ ಏನೂ ಅಲ್ಲ. ಗುಡುಗು ಕೇಳಿಸುತ್ತಿದ್ದರೆ ಕನೆಕ್ಟರ್ ಮುಟ್ಟುವುದೂ ಬೇಡ. ಒದ್ದೆ ಮಾಳಿಗೆ, ಪಾಚಿ ಕಟ್ಟಿದ ಹೆಂಚು ಹತ್ತಿ ಟೇಪ್ ಸುತ್ತಲು ಹೋಗಬೇಡಿ. ಪಕ್ಕದಲ್ಲಿ ಕರೆಂಟ್ ಲೈನ್ ಇದ್ದರಂತೂ ಒದ್ದೆ ಬಿದಿರು, ಒದ್ದೆ ಹಗ್ಗ ಎರಡೂ ಕರೆಂಟ್ ಹಾಯಿಸುತ್ತವೆ ಅನ್ನುವುದು ತಲೆಯಲ್ಲಿರಲಿ.

ಒಂದು ಬಿಡಿ ಕೇಬಲ್ ಒಳಗಿರಲಿ

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ಹೊತ್ತಿನಲ್ಲೇ ಹ್ಯಾಮ್ ರೇಡಿಯೊ ಜನರಿಗೆ ನಿಜವಾಗಿ ಬೇಕಾಗುವುದು. ಅಂಥ ದಿನ ಮಾಳಿಗೆಯ ಕೇಬಲ್ ಕೈಕೊಟ್ಟರೆ ಅದನ್ನು ರಿಪೇರಿ ಮಾಡುವ ಹವೆ ಇರುವುದಿಲ್ಲ. ಹಾಗಾಗಿ 15-20 ಮೀಟರ್ ಕೋಆಕ್ಸಿಗೆ ಎರಡೂ ಕಡೆ ಕನೆಕ್ಟರ್ ಬೆಸೆದು, ಅಳೆದು ನೋಡಿ, ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಸುರುಳಿ ಸುತ್ತಿ ಒಣ ಕಪಾಟಿನಲ್ಲಿಡಿ. ಬಿಗಿಯಾಗಿ ಸುತ್ತಬೇಡಿ, ಸುರುಳಿ ಒಂದು ಊಟದ ತಟ್ಟೆಯಷ್ಟಾದರೂ ಅಗಲ ಇರಲಿ. ಜೊತೆಗೆ 40 ಮೀಟರಿಗೆ ಕತ್ತರಿಸಿದ ಒಂದು ತಂತಿ ಡೈಪೋಲ್, ಎರಡು ನೈಲಾನ್ ಹಗ್ಗ, ಒಂದು ಸುರುಳಿ ರಬ್ಬರ್ ಟೇಪ್. ಕೇಬಲ್ಲಿನ ಮೇಲೆ ಅದರ ನಷ್ಟ ಎಷ್ಟು, ಯಾವ ತಿಂಗಳು ಅಳೆದದ್ದು ಅಂತ ಒಂದು ಚೀಟಿ ಅಂಟಿಸಿ.